ವಿಂಡೋಸ್, ಮ್ಯಾಕ್, ಉಬುಂಟು ಮೂರೂ ಇರುವ ಮನೆಯಲ್ಲಿ ಫೈಲ್ ಹಂಚಿಕೊಳ್ಳುವುದು ಹೇಗೆ?

ಪ್ರಶ್ನೆ: ನಾವಿರುವುದು ಡೊಂಬಿವಲಿಯಲ್ಲಿ. ನನ್ನದು ವಿಂಡೋಸ್ 11 ಲ್ಯಾಪ್‌ಟಾಪ್, ಮಗಳದು ಮ್ಯಾಕ್‌ಬುಕ್. ಪುಣೆಯಲ್ಲಿ ಓದುವ ಮಗ ರಜೆಗೆ ಬಂದಾಗ ಅವನ ಉಬುಂಟು ಲ್ಯಾಪ್‌ಟಾಪೂ ಸೇರಿಕೊಳ್ಳುತ್ತದೆ. ನನ್ನ ಫೋಲ್ಡರ್ ಅವರಿಗೆ ಕಾಣುವುದಿಲ್ಲ. ಕಂಡಾಗ ಪಾಸ್‌ವರ್ಡ್ ತಪ್ಪು ಎನ್ನುತ್ತದೆ. ಪ್ರತಿ ಸಲ ಪೆನ್‌ಡ್ರೈವ್ ಹಿಡಿದು ಓಡಾಡಲೇಬೇಕೆ?

ಉತ್ತರ: ಬೇಕಿಲ್ಲ. ಮೂರಕ್ಕೂ ಗೊತ್ತಿರುವ ಪ್ರೋಟೋಕಾಲ್ (ಯಂತ್ರಗಳು ಮಾತಾಡಿಕೊಳ್ಳುವ ನಿಯಮ) ಒಂದಿದೆ, ಎಸ್‌ಎಂಬಿ (SMB). ವಿಂಡೋಸ್ ಬಳಸುವುದು ಅದನ್ನೇ. ಮ್ಯಾಕ್ 2013ರ ಮ್ಯಾವರಿಕ್ಸ್‌ನಿಂದ ಅದಕ್ಕೇ ಮೊದಲ ಸ್ಥಾನ ಕೊಟ್ಟಿದೆ. ಫೈಲುಗಳು ರೌಟರ್ ಮೂಲಕವೇ ಹೋಗುವುದರಿಂದ ಇಂಟರ್ನೆಟ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ.

ಮೂರನ್ನೂ ಒಂದಕ್ಕೊಂದು ತೆರೆದಿಡಲು ಹೋಗಬೇಡಿ, ಅಲ್ಲೇ ಗೊಂದಲ ಶುರುವಾಗುವುದು. ಹಂಚುವ ಫೋಲ್ಡರ್ ನಿಮ್ಮ ವಿಂಡೋಸ್‌ನಲ್ಲಿ ಮಾತ್ರ ಇರಲಿ. ಉಳಿದವರು ಅಲ್ಲಿಗೇ ಬರಲಿ.

ಮೊದಲು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಪ್ರಾಪರ್ಟೀಸ್ ತೆರೆದು ನೆಟ್‌ವರ್ಕನ್ನು ‘ಪಬ್ಲಿಕ್’ನಿಂದ ‘ಪ್ರೈವೇಟ್’ಗೆ ಬದಲಿಸಿ. ಪಬ್ಲಿಕ್ ಇದ್ದರೆ ಫೈರ್‌ವಾಲ್ ಎಂಬ ವಿಂಡೋಸ್‌ನ ಕಾವಲುಗಾರ ಮನೆಯ ಬೇರೆ ಯಂತ್ರಗಳನ್ನೂ ಬಾಗಿಲಲ್ಲೇ ತಡೆಯುತ್ತದೆ. ಅದೇ ಪುಟದ ಕೆಳಗೆ ಐಪಿವಿ4 ವಿಳಾಸ (ನೆಟ್‌ವರ್ಕ್‌ನಲ್ಲಿ ನಿಮ್ಮ ಯಂತ್ರದ ಸಂಖ್ಯೆ) ಇರುತ್ತದೆ, ಉದಾಹರಣೆಗೆ 192.168.1.20. ಬರೆದಿಟ್ಟುಕೊಳ್ಳಿ. ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಆನ್ ಮಾಡಿ.

ಇನ್ನು ಪಾಸ್‌ವರ್ಡ್. ಹೆಚ್ಚಿನವರು ಸೋಲುವುದು ಇಲ್ಲಿ. ಲ್ಯಾಪ್‌ಟಾಪ್ ತೆರೆಯಲು ನೀವು ಒತ್ತುವ ನಾಲ್ಕಂಕಿಯ ಪಿನ್ ಆ ಯಂತ್ರಕ್ಕೆ ಮಾತ್ರ ಸೀಮಿತ, ನೆಟ್‌ವರ್ಕ್ ಮೂಲಕ ಬಂದವರಿಂದ ವಿಂಡೋಸ್ ಅದನ್ನು ಸ್ವೀಕರಿಸುವುದೇ ಇಲ್ಲ. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಕೊಡಬಹುದು, ಆದರೆ ನಿಮ್ಮ ಇಮೇಲಿನ ಕೀಲಿಯನ್ನು ಮನೆಮಂದಿಗೆಲ್ಲ ಹಂಚುವುದು ಬೇಡ. ಅದರ ಬದಲು ಹಂಚಿಕೆಗೆಂದೇ ಹೊಸ ಖಾತೆ ತೆರೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರೊಳಗೆ ‘ಅದರ್ ಯೂಸರ್ಸ್’, ‘ಆಡ್ ಅಕೌಂಟ್’ಗೆ ಹೋಗಿ. ಇಮೇಲ್ ಕೇಳಿದಾಗ ಆ ವ್ಯಕ್ತಿಯ ಮಾಹಿತಿ ಇಲ್ಲ ಎಂಬ ಸಾಲನ್ನು ಒತ್ತಿ, ನಂತರ ಮೈಕ್ರೋಸಾಫ್ಟ್ ಖಾತೆಯಿಲ್ಲದ ಬಳಕೆದಾರ ಎಂಬುದನ್ನು ಆರಿಸಿ. ‘ಮನೆ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಕೊಡಿ, ಗಟ್ಟಿ ಪಾಸ್‌ವರ್ಡ್ ಹಾಕಿ. ಪಾಸ್‌ವರ್ಡ್ ಖಾಲಿ ಬಿಟ್ಟರೆ ನೆಟ್‌ವರ್ಕ್‌ನಲ್ಲಿ ಪ್ರವೇಶವಿಲ್ಲ.

ಈಗ ಹೊಸ ಫೋಲ್ಡರ್ ಮಾಡಿ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್, ‘ಶೇರ್’. ಈ ಹೊಸ ಖಾತೆಯನ್ನು ಸೇರಿಸಿ ‘ರೀಡ್/ರೈಟ್’ ಕೊಡಿ. ಪಕ್ಕದ ‘ಅಡ್ವಾನ್ಸ್‌ಡ್ ಶೇರಿಂಗ್’ ಸದ್ಯಕ್ಕೆ ಬೇಡ. ಅಲ್ಲಿ ಕೊಟ್ಟ ಅನುಮತಿ ಸೆಕ್ಯುರಿಟಿ ಟ್ಯಾಬ್‌ನಲ್ಲೂ ಇರಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುವುದರಿಂದ, ಒಂದು ಕಡೆ ಮಾತ್ರ ಕೊಟ್ಟರೆ ಫೋಲ್ಡರ್ ಕಂಡರೂ ಒಳಗೆ ಏನನ್ನೂ ಉಳಿಸಲಾಗುವುದಿಲ್ಲ.

ಮ್ಯಾಕ್‌ನಲ್ಲಿ ಫೈಂಡರ್ ತೆರೆದು ಕಮಾಂಡ್ ಮತ್ತು ಕೆ ಒತ್ತಿ. ಬರುವ ಪೆಟ್ಟಿಗೆಯಲ್ಲಿ ಎಸ್‌ಎಂಬಿಯ ಮೂರು ಅಕ್ಷರ, ಕೋಲನ್, ಎರಡು ಓರೆಗೆರೆ, ಆಮೇಲೆ ಬರೆದಿಟ್ಟುಕೊಂಡ ವಿಳಾಸ ಟೈಪ್ ಮಾಡಿ, smb://192.168.1.20 ಎಂಬಂತೆ. ‘ರಿಜಿಸ್ಟರ್ಡ್ ಯೂಸರ್’ ಆರಿಸಿ ಹೊಸ ಖಾತೆಯ ಹೆಸರು, ಪಾಸ್‌ವರ್ಡ್ ಕೊಡಿ. ಉಬುಂಟುವಿನ ಫೈಲ್ಸ್‌ನಲ್ಲಿ ‘ಕನೆಕ್ಟ್ ಟು ಸರ್ವರ್’ ಜಾಗಕ್ಕೂ ಇದೇ ವಿಳಾಸ.

ಆದರೂ ಸಿಗದಿದ್ದರೆ ವಿಳಾಸಗಳನ್ನು ಹೋಲಿಸಿ. ಫೈಬರ್ ಕಂಪನಿಯ ಡಬ್ಬಿ ಬಾಗಿಲ ಬಳಿ, ಸ್ವಂತ ರೌಟರ್ ಒಳಗಿನ ಕೋಣೆಯಲ್ಲಿ ಇರುವ ಫ್ಲ್ಯಾಟ್‌ಗಳಲ್ಲಿ ಒಂದು ಯಂತ್ರ 192.168.1, ಇನ್ನೊಂದು 192.168.0 ಎಂದು ಶುರುವಾಗುವುದುಂಟು. ಅಂದರೆ ಅವು ಎರಡು ಬೇರೆ ನೆಟ್‌ವರ್ಕ್. ನಿಮ್ಮ ರೌಟರನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕಿದರೆ ಎರಡೂ ಒಂದಾಗುತ್ತವೆ. ಗೆಸ್ಟ್ ವೈಫೈಯಲ್ಲಿರುವ ಯಂತ್ರಕ್ಕೂ ಸಾಮಾನ್ಯವಾಗಿ ಉಳಿದವು ಸಿಗುವುದಿಲ್ಲ. ನಿನ್ನೆ ಸಿಕ್ಕಿದ್ದು ಇಂದು ಸಿಗದಿದ್ದರೆ ವಿಂಡೋಸ್ ಸ್ಲೀಪ್‌ಗೆ ಹೋಗಿರಬಹುದು, ಇಲ್ಲವೇ ವಿಳಾಸ ಬದಲಾಗಿರಬಹುದು. ರೌಟರಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಎಚ್‌ಸಿಪಿ ರಿಸರ್ವೇಶನ್’ (ಒಂದು ಯಂತ್ರಕ್ಕೆ ಒಂದೇ ವಿಳಾಸ ಮೀಸಲಿಡುವ ಸೌಲಭ್ಯ) ಬಳಸಿ ವಿಳಾಸವನ್ನು ಕಾಯಂ ಮಾಡಿ.

ಹಳೆಯ ಟಿವಿ ಬಾಕ್ಸಿಗಾಗಿ ಎಸ್‌ಎಂಬಿ 1 (ಅದರ ಹಳೆಯ ಆವೃತ್ತಿ) ಆನ್ ಮಾಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಮಾಡಬೇಡಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದ್ದು ಅದರ ದೋಷದಿಂದಲೇ.

ಮಗಳ ಫೈಲ್ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ವಿಂಡೋಸ್‌ನಲ್ಲಿ ತೊಂದರೆ, ತೆಗೆಸಿ. ಕನ್ನಡದ ಹೆಸರುಗಳಿಗೆ ಅಡ್ಡಿಯಿಲ್ಲ.

ಮದುವೆ ವಿಡಿಯೊದಂಥ ದೊಡ್ಡ ಫೈಲಿಗೆ ಎರಡೂ ಯಂತ್ರಗಳನ್ನು ಕೇಬಲ್‌ನಿಂದ ರೌಟರಿಗೆ ಜೋಡಿಸಿ. ಪೋರ್ಟ್ 100 ಎಂಬಿಪಿಎಸ್‌ನದಾದರೆ 4 ಜಿಬಿಗೆ ಸುಮಾರು ಆರು ನಿಮಿಷ, ಗಿಗಾಬಿಟ್ ಆದರೆ ಡಿಸ್ಕ್ ವೇಗವಾಗಿದ್ದಲ್ಲಿ ಒಂದು ನಿಮಿಷದೊಳಗೆ.