ಊಟಿಯ ದೊಡ್ಡಬೆಟ್ಟಕ್ಕಿಂತ ಕುಳ್ಳಗಿನ ಬೆಟ್ಟದಲ್ಲಿ ಹಿಮನದಿ ಹೇಗೆ?

ಪ್ರಶ್ನೆ: ಮಗ ಅಮೆರಿಕದ ಸಿಯಾಟಲ್‌ನಲ್ಲಿದ್ದಾನೆ. ಅಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಒಲಿಂಪಿಕ್ ಬೆಟ್ಟಸಾಲು ಕಾಣುತ್ತೆ, ಅಲ್ಲಿ ಹಿಮನದಿಗಳೂ ಇವೆ ಅಂದ. ಎತ್ತರ ಕೇಳಿದರೆ ನಮ್ಮ ಊಟಿಯ ದೊಡ್ಡಬೆಟ್ಟಕ್ಕಿಂತ ಕಮ್ಮಿ! ಇದು ಹೇಗೆ ಸಾಧ್ಯ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ. ಆ ಸಾಲಿನ ಅತಿ ಎತ್ತರದ ಶಿಖರ ಮೌಂಟ್ ಒಲಿಂಪಸ್, ಸುಮಾರು 2,430 ಮೀಟರ್. ದೊಡ್ಡಬೆಟ್ಟ 2,637 ಮೀಟರ್. (ಅಂದಹಾಗೆ, ಸಿಯಾಟಲ್‌ನಿಂದ ನಿಮ್ಮ ಮಗನಿಗೆ ಕಾಣುತ್ತಿರುವುದು ಒಲಿಂಪಸ್ ಅಲ್ಲ. ಅದು ಒಳಗೆ ಅವಿತು ಕೂತಿದೆ. ಎದ್ದು ಕಾಣುವುದು ಪೂರ್ವದ ಅಂಚಿನ ಬ್ರದರ್ಸ್, ಕಾನ್‌ಸ್ಟನ್ಸ್ ಶಿಖರಗಳು.)

ಹಿಮನದಿಯನ್ನು ಒಂದು ಕಣಜ ಅಂದುಕೊಳ್ಳಿ. ಚಳಿಗಾಲದಲ್ಲಿ ತುಂಬುತ್ತದೆ, ಬೇಸಿಗೆಯಲ್ಲಿ ಕರಗುತ್ತದೆ. ಮುಂದಿನ ಸುಗ್ಗಿ ಬರುವಷ್ಟರಲ್ಲಿ ತಳದಲ್ಲಿ ಒಂದಿಷ್ಟು ಉಳಿದಿರಬೇಕು, ಅಷ್ಟೇ. ಹಾಗೆ ವರ್ಷ ವರ್ಷ ಉಳಿದ ಹಿಮ ಮೇಲಿನ ಭಾರಕ್ಕೆ ಒತ್ತಿಕೊಂಡು ಗಟ್ಟಿ ಗಡ್ಡೆಯಾಗುತ್ತದೆ, ಆಮೇಲೆ ಇಳಿಜಾರಿನಲ್ಲಿ ನಿಧಾನವಾಗಿ ಜಾರತೊಡಗುತ್ತದೆ. ಅಂದರೆ ಬೆಟ್ಟ ಎಷ್ಟು ಎತ್ತರ ಅನ್ನುವುದಕ್ಕಿಂತ, ಎಷ್ಟು ಹಿಮ ಬಿತ್ತು, ಎಷ್ಟು ಕರಗಿತು ಅನ್ನುವುದು ಮುಖ್ಯ.

ಕರಗುವುದು ಅಲ್ಲಿ ಕಮ್ಮಿ. ದೊಡ್ಡಬೆಟ್ಟ ಇರುವುದು 11 ಡಿಗ್ರಿ ಅಕ್ಷಾಂಶದಲ್ಲಿ, ಒಲಿಂಪಸ್ 47 ಡಿಗ್ರಿ ದಾಟಿ. ಪಕ್ಕದಲ್ಲೇ ಪೆಸಿಫಿಕ್ ಸಾಗರದ ತಣ್ಣನೆಯ ನೀರು ಬೇರೆ. ಬೇಸಿಗೆಯೂ ತಂಪು. ಆದರೆ ಅಷ್ಟೇ ಆಗಿದ್ದರೆ ಸಾಲುತ್ತಿರಲಿಲ್ಲ. ಅದೇ ಅಕ್ಷಾಂಶದಲ್ಲಿ ಒಳನಾಡಿಗೆ ಹೋದರೆ ಇಷ್ಟೇ ಎತ್ತರದ ಬೆಟ್ಟಗಳು ಬೇಸಿಗೆಯಲ್ಲಿ ಬೋಳಾಗಿ ನಿಲ್ಲುತ್ತವೆ. ಅಲ್ಲಿ ಚಳಿಗೇನೂ ಕೊರತೆ ಇಲ್ಲ, ಹಿಮ ಸಾಲದು.

ಒಲಿಂಪಿಕ್ ಬೆಟ್ಟಗಳ ನಿಜವಾದ ಗುಟ್ಟು ಮಳೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಸಮುದ್ರದಿಂದ ಬಂದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣಿಯುತ್ತದೆ, ಹೊತ್ತು ತಂದ ನೀರನ್ನೆಲ್ಲ ಅಲ್ಲೇ ಸುರಿಯುತ್ತದೆ. ಪಶ್ಚಿಮದ ಹೋ ಎಂಬ ನದಿಯ ಕಣಿವೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್. ಆಗುಂಬೆಗೆ ಹೋಲಿಸಿದರೆ ಅರ್ಧ, ಏನು ಮಹಾ ಅನ್ನಬಹುದು. ಆದರೆ ನಮ್ಮದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಅವರದು ತದ್ವಿರುದ್ಧ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು, ನವೆಂಬರ್‌ನಿಂದ ಮಾರ್ಚ್‌ವರೆಗೆ ಬಿಡದೆ ಸುರಿತ. ಹಾಗಾಗಿ ಕೆಳಗಿನ ಕಾಡಿನಲ್ಲಿ ಮಳೆಯಾಗುವ ಹೊತ್ತಿಗೆ ಮೇಲೆ ಅದೇ ನೀರು ಹಿಮವಾಗಿ ಬೀಳುತ್ತದೆ. ಇದೇ ಬೆಟ್ಟಸಾಲಿನ, 1,600 ಮೀಟರ್ ಎತ್ತರದ ಹರಿಕೇನ್ ರಿಡ್ಜ್‌ನಲ್ಲೇ ಒಂದು ವರ್ಷಕ್ಕೆ ಬೀಳುವ ಹಿಮ ಸುಮಾರು 9 ಮೀಟರ್. ಒಲಿಂಪಸ್ ತುದಿಯಲ್ಲಿ ಇನ್ನೂ ಜಾಸ್ತಿ. ಕಣಜ ತುಂಬಲು ಇನ್ನೇನು ಬೇಕು?

ಕೆಳಗಿನ ಕಾಡು ನೋಡುವಂಥದ್ದು. ಸಿಟ್ಕಾ ಸ್ಪ್ರೂಸ್, ಹೆಮ್‌ಲಾಕ್ ಮರಗಳ ಕೊಂಬೆಗಳಿಂದ ಪಾಚಿ ಜಡೆಜಡೆಯಾಗಿ ಇಳಿಬಿದ್ದಿರುತ್ತದೆ. ಬಿದ್ದ ಮರದ ಬೆನ್ನ ಮೇಲೇ ಹೊಸ ಸಸಿಗಳು ಸಾಲಾಗಿ ಎದ್ದಿರುತ್ತವೆ.

ಘಟ್ಟ ದಾಟಿದರೆ? ಅದೂ ನಮ್ಮ ಕಥೆಯೇ. ಒಲಿಂಪಸ್‌ನಿಂದ ಈಶಾನ್ಯಕ್ಕೆ ಸುಮಾರು 55 ಕಿಲೋಮೀಟರ್ ದೂರದ ಸ್ಕ್ವಿಮ್ ಊರಿನಲ್ಲಿ ವರ್ಷಕ್ಕೆ ಬೀಳುವುದು 400 ಮಿಲಿಮೀಟರ್ ಆಸುಪಾಸು. ಆಗುಂಬೆಯಿಂದ ಚಳ್ಳಕೆರೆಗೆ ಹೋದ ಹಾಗೆ, ಅದೂ ಕಾಲು ಭಾಗದಷ್ಟು ದಾರಿಯಲ್ಲಿ! ಅಲ್ಲಿನ ರೈತರು 1890ರ ದಶಕದಲ್ಲೇ ಕಾಲುವೆ ತೋಡಿ ನೀರು ತಂದುಕೊಂಡರು. ಈಗ ಆ ಊರಿಗೆ ಲ್ಯಾವೆಂಡರ್ ಹೊಲಗಳಿಂದ ಹೆಸರು.

ಈ ಬೆಟ್ಟಗಳು ಜ್ವಾಲಾಮುಖಿಗಳಲ್ಲ. ಸಮುದ್ರದಡಿಯ ಫಲಕವೊಂದು (ಭೂಮಿಯ ಹೊರಚಿಪ್ಪಿನ ಒಂದು ದೊಡ್ಡ ತುಂಡು) ಉತ್ತರ ಅಮೆರಿಕದ ಕೆಳಗೆ ನುಗ್ಗುವಾಗ ಅದರ ಮೇಲಿದ್ದ ಮರಳುಗಲ್ಲು, ಜೇಡಿಗಲ್ಲುಗಳನ್ನು ಖಂಡದ ಅಂಚು ಕೆರೆದು ಮೇಲೆತ್ತಿತು. ಸುತ್ತುಗಟ್ಟಿದ ಬಸಾಲ್ಟ್, ಅಂದರೆ ಲಾವಾ ಆರಿ ಗಟ್ಟಿಯಾದ ಕಪ್ಪು ಕಲ್ಲು, ಕೂಡ ಕಡಲಾಳದ್ದೇ. ಹೀಗೆ ಗುಡ್ಡೆಯಾಗಿ ಎದ್ದದ್ದರಿಂದ ಹೋ, ಎಲ್ವಾ, ಕ್ವಿನಾಲ್ಟ್ ನದಿಗಳು ಚಕ್ರದ ಕಡ್ಡಿಗಳ ಹಾಗೆ ಸುತ್ತಲೂ ಹರಿಯುತ್ತವೆ. 101ನೇ ಹೆದ್ದಾರಿಯೂ ಸುತ್ತು ಹಾಕಿಕೊಂಡೇ ಹೋಗುತ್ತದೆ, ನಡುವೆ ಸೀಳಿ ಹೋಗುವ ರಸ್ತೆ ಇಲ್ಲ.

ಮಳೆಯಿಂದ ಹುಟ್ಟಿದ ಈ ಹಿಮನದಿಗಳಿಗೆ ಈಗ ಮಳೆಯೇ ಮುಳುವಾಗುತ್ತಿದೆ. ಕರಾವಳಿಯ ಚಳಿಗಾಲ ಅಷ್ಟೇನೂ ಕಟುವಲ್ಲ, ಸೊನ್ನೆ ಡಿಗ್ರಿಯ ಅಕ್ಕಪಕ್ಕದಲ್ಲೇ ಓಲಾಡುತ್ತದೆ. ಒಂದೆರಡು ಡಿಗ್ರಿ ಏರಿದರೆ ಸಾಕು, ಹಿಮವಾಗಿ ಬೀಳಬೇಕಾದ್ದು ನೀರಾಗಿ ಬಿದ್ದು ಹರಿದುಹೋಗುತ್ತದೆ. 1982ರಲ್ಲಿ 266 ಹಿಮನದಿಗಳನ್ನು ಎಣಿಸಿದ್ದರು, 2009ರಲ್ಲಿ ಸಿಕ್ಕಿದ್ದು 184. 2070ರ ಹೊತ್ತಿಗೆ ಬಹುತೇಕ ಎಲ್ಲವೂ ಕರಗಿಹೋಗಬಹುದು ಎಂದು 2022ರ ಒಂದು ಅಧ್ಯಯನ ಅಂದಾಜು ಮಾಡಿದೆ.

ಮಗನ ಮನೆಗೆ ಹೋದಾಗ ಇದನ್ನು ನೋಡಿ ಬನ್ನಿ. ಒಲಿಂಪಸ್ ಮೇಲಿನ ಬ್ಲೂ ಗ್ಲೇಸಿಯರ್ ಹತ್ತಿರ ಹೋಗಲು ಹೋ ಕಣಿವೆಯಿಂದ ಸುಮಾರು 28 ಕಿಲೋಮೀಟರ್ ನಡಿಗೆ, ಅದು ಎಲ್ಲರಿಗೂ ಆಗದ ಮಾತು. ಆದರೆ ಆಗಸ್ಟ್‌ನಲ್ಲಿ ಹೋ ನದಿಯ ದಡದಲ್ಲಿ ಸುಮ್ನೆ ನಿಂತರೂ ಆಯಿತು. ವಾರಗಟ್ಟಲೆ ಮಳೆ ಬಂದಿರದಿದ್ದರೂ ನದಿ ಹರಿಯುತ್ತಿರುತ್ತದೆ, ನೀರು ಹಾಲು ಬೆರೆಸಿದ ಹಾಗೆ ನೀಲಿ ಬಿಳುಪು. ಮೇಲೆ ಹಿಮನದಿ ಬಂಡೆಯನ್ನು ನುಣ್ಣಗೆ ಅರೆದ ಹಿಟ್ಟು ಅದು.