‘ಅಪ್ಪ ಎಲ್ಲಿ?’ ಎಂಬ ಪ್ರಶ್ನೆಗೆ ನಾಲ್ಕು ಸಲ ಉತ್ತರ

ಪೊಲೀಸರು ಬಂದು ಕರೆದುಕೊಂಡು ಹೋದ ರಾತ್ರಿ ಮನೆಯ ದೊಡ್ಡವರು ಮಾಡುವ ಮೊದಲ ಕೆಲಸ ವಕೀಲರಿಗೆ ಫೋನು. ಎರಡನೆಯದು, ಮಕ್ಕಳಿಗೆ ಹೇಳಲು ಒಂದು ಸುಳ್ಳನ್ನು ಹೊಂದಿಸಿಕೊಳ್ಳುವುದು. ಕೆಲಸದ ಮೇಲೆ ದೂರ ಹೋಗಿದ್ದಾರೆ, ಆಸ್ಪತ್ರೆಯಲ್ಲಿದ್ದಾರೆ, ವಿದೇಶದಲ್ಲಿ ನೌಕರಿ ಸಿಕ್ಕಿದೆ. ಆ ಹೊತ್ತಿನಲ್ಲಿ ಯಾರನ್ನೂ ದೂರುವಂತಿಲ್ಲ, ಹೇಳುವವರ ಬಾಯೇ ಒಣಗಿರುತ್ತದೆ. ಆದರೆ ಶಿಕ್ಷೆ ಎಂಟು ಹತ್ತು ವರ್ಷದ್ದಾದರೆ ಈ ಸುಳ್ಳು ಬಾಳಿಕೆ ಬರುವುದಿಲ್ಲ. ಆಸ್ಪತ್ರೆ ಎಂದರೆ ಮಗು ಸಾವಿನ ಭಯಕ್ಕೆ ಬೀಳುತ್ತದೆ. ವಿದೇಶ ಎಂದರೆ, ‘ಹಾಗಾದರೆ ಫೋನು ಯಾಕೆ ಮಾಡಲ್ಲ, ನನ್ನ ಮೇಲೆ ಸಿಟ್ಟಾ?’ ಎಂದು ಒಳಗೊಳಗೇ ಲೆಕ್ಕ ಹಾಕುತ್ತದೆ. ಕೊನೆಗೆ ನಿಜ ತಿಳಿಯುವುದು ಶಾಲೆಯ ಜಗಳದಲ್ಲಿ, ನೆಂಟರ ಮಗನ ಬಾಯಲ್ಲಿ, ಇಲ್ಲವೇ ಮೊಬೈಲಿನಲ್ಲಿ ಅಪ್ಪನ ಹೆಸರು ಹುಡುಕಿದಾಗ. ಆಗ ಮಗು ಕಳೆದುಕೊಳ್ಳುವುದು ಜೈಲಿನಲ್ಲಿರುವವರ ಮೇಲಿನ ನಂಬಿಕೆಯನ್ನು ಮಾತ್ರ ಅಂದುಕೊಳ್ಳಬೇಡಿ. ಜೊತೆಗಿರುವ ಒಬ್ಬರ ಮೇಲಿನ ನಂಬಿಕೆಯೂ ಹೋಗುತ್ತದೆ.

ತಂದೆ ಅಥವಾ ತಾಯಿ ಮನೆಯಲ್ಲಿಲ್ಲದಿರುವುದಕ್ಕೆ ಬೇಕಾದಷ್ಟು ಕಾರಣಗಳಿರುತ್ತವೆ. ಜೈಲು ಅವುಗಳಲ್ಲಿ ಒಂದಷ್ಟೇ ಅಲ್ಲವೇ ಎಂದು ಕೇಳುವವರಿದ್ದಾರೆ. ದಕ್ಷಿಣ ಲಂಡನ್ನಿನ 411 ಹುಡುಗರನ್ನು ಬಾಲ್ಯದಿಂದ ನಡುವಯಸ್ಸಿನವರೆಗೆ ಹಿಂಬಾಲಿಸಿದ ಅಧ್ಯಯನವೊಂದಿದೆ. ಅದರ ಮಾಹಿತಿಯನ್ನು ಸಂಶೋಧಕರಾದ ಜೋಸೆಫ್ ಮರ್ರೆ ಮತ್ತು ಡೇವಿಡ್ ಫ್ಯಾರಿಂಗ್ಟನ್ 2005ರಲ್ಲಿ ಹೋಲಿಸಿ ನೋಡಿದರು. ಸಾವು, ಕಾಯಿಲೆ ಮುಂತಾದ ಬೇರೆ ಕಾರಣಕ್ಕೆ ಪೋಷಕರಿಂದ ಅಗಲಿದವರಿಗಿಂತ, ಮೊದಲ ಹತ್ತು ವರ್ಷದೊಳಗೆ ಪೋಷಕರು ಜೈಲಿಗೆ ಹೋಗಿ ಅಗಲಿದ ಹುಡುಗರ ಮುಂದಿನ ಬದುಕು ಹೆಚ್ಚು ತೊಡಕಾಗಿತ್ತು. ಅಗಲಿಕೆ ಒಂದೇ ಆದರೂ ಅದರ ಸುತ್ತ ಬೆಳೆಯುವುದು ಬೇರೆ: ನಾಚಿಕೆ, ಗುಸುಗುಸು, ಹಣದ ಮುಗ್ಗಟ್ಟು, ಮನೆಯೊಳಗಿನ ಮೌನ. ಇವುಗಳಲ್ಲಿ ಕುಟುಂಬದ ಕೈಯಲ್ಲಿರುವುದು ಮೌನ ಒಂದೇ. ಅದಕ್ಕೇ ಅಲ್ಲಿಂದ ಶುರು ಮಾಡಬೇಕು.

ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ 1970ರ ದಶಕದಲ್ಲಿ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಗಳನ್ನು ನೋಡುತ್ತಾ ಇಂಥ ನೋವಿಗೆ ‘ಅಸ್ಪಷ್ಟ ನಷ್ಟ’ ಎಂಬರ್ಥದ ಹೆಸರು ಕೊಟ್ಟರು. ಆಳು ಕಣ್ಣೆದುರಿಗಿಲ್ಲ, ಮನಸ್ಸಿನಲ್ಲಿದ್ದಾನೆ. ಸತ್ತಿಲ್ಲವಾದ್ದರಿಂದ ಅಳುವಂತಿಲ್ಲ, ಇದ್ದಾನೆಂದು ನೆಮ್ಮದಿಯಾಗಿಯೂ ಇರುವಂತಿಲ್ಲ. ಸೂತಕದ ಮನೆಗೆ ಜನ ಬರುತ್ತಾರೆ. ಜೈಲಿಗೆ ಹೋದವರ ಮನೆಗೆ ಬರುತ್ತಿದ್ದವರೂ ನಿಲ್ಲಿಸುತ್ತಾರೆ. ತೀರ್ಪು ಬರುವ ಮೊದಲಿನ ವಿಚಾರಣೆಯ ಅವಧಿ ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಎಣಿಸಿಕೊಳ್ಳಲು ಒಂದು ತಾರೀಖೂ ಇರುವುದಿಲ್ಲ. ಶಿಕ್ಷೆ ಪ್ರಕಟವಾದ ದಿನ ಕೆಲವು ಮನೆಗಳು ಒಂದು ಬಗೆಯ ನಿರಾಳ ಅನುಭವಿಸಿ, ಹಾಗನ್ನಿಸಿದ್ದಕ್ಕೇ ತಪ್ಪಿತಸ್ಥ ಭಾವಕ್ಕೆ ಬೀಳುತ್ತವೆ. ಅದು ತಪ್ಪಲ್ಲ.

ಮಗುವಿಗೆ ಹೇಳುವುದು ಒಂದು ದಿನದ ಕೆಲಸವೂ ಅಲ್ಲ. ದೀರ್ಘ ಶಿಕ್ಷೆಯ ವಿಶೇಷ ಇಲ್ಲೇ ಇದೆ: ಶಿಕ್ಷೆ ಬದಲಾಗದಿದ್ದರೂ ಅದನ್ನು ಕೇಳಿಸಿಕೊಳ್ಳುವ ಮಗು ಬದಲಾಗುತ್ತಾ ಹೋಗುತ್ತದೆ. ಐದರಲ್ಲಿ ಕೊಟ್ಟ ಉತ್ತರ ಒಂಬತ್ತಕ್ಕೆ ಸಾಲದು, ಒಂಬತ್ತರದ್ದು ಹದಿಮೂರಕ್ಕೆ ಸಾಲದು.

ಐದು ವರ್ಷದ ಮಗುವಿಗೆ ನಾಲ್ಕೈದು ವಾಕ್ಯ ಸಾಕು. ‘ಅಪ್ಪ ಜೈಲಿನಲ್ಲಿದ್ದಾರೆ. ದೊಡ್ಡವರಿಗಿರುವ ಒಂದು ಕಾನೂನು ಮುರಿದರು ಅಂತ ನ್ಯಾಯಾಧೀಶರು ಹೇಳಿದ್ದಾರೆ, ಅದಕ್ಕೆ ತುಂಬಾ ದಿನ ಅಲ್ಲೇ ಇರಬೇಕು. ಇದು ನಿನ್ನಿಂದ ಆಗಿದ್ದಲ್ಲ. ನಿನ್ನ ನಾನು ನೋಡಿಕೊಳ್ತೀನಿ.’ ಮೂರನೆಯ ವಾಕ್ಯವನ್ನು ಬಿಡಲೇಬೇಡಿ. ಆ ವಯಸ್ಸಿನ ಮಗು ‘ಅವತ್ತು ನಾನು ಹಟ ಮಾಡಿದ್ದಕ್ಕೇ ಹೋದರು’ ಎಂದು ನಂಬಬಲ್ಲದು, ನಂಬಿದ್ದನ್ನು ಯಾರಿಗೂ ಹೇಳದೆಯೂ ಇರಬಲ್ಲದು. ‘ಕೆಟ್ಟವರನ್ನು ಜೈಲಿಗೆ ಹಾಕುತ್ತಾರೆ’ ಎಂಬ ಸುಲಭದ ಮಾತು ಬೇಡ. ಅಕ್ಕನ ಪೆನ್ಸಿಲು ಕದ್ದ ಹುಡುಗ ಆ ರಾತ್ರಿ ನಿದ್ದೆ ಮಾಡುವುದಿಲ್ಲ. ಹತ್ತು ವರ್ಷ ಎಂಬ ಲೆಕ್ಕವೂ ಆ ವಯಸ್ಸಿಗೆ ಹತ್ತುವುದಿಲ್ಲ, ‘ನೀನು ಅಣ್ಣನಷ್ಟು ದೊಡ್ಡವನಾಗುವವರೆಗೆ’ ಎಂದರೆ ಹತ್ತುತ್ತದೆ. ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುವ ಆಟ ಮೂರು ತಿಂಗಳ ಶಿಕ್ಷೆಗಷ್ಟೇ ಸರಿ. ಬಿಡುಗಡೆಯ ತಾರೀಖಿನ ಮಾತು ಕೊಡಬೇಡಿ. ಮೇಲ್ಮನವಿ, ಸನ್ನಡತೆಯ ರಿಯಾಯಿತಿ, ತಿರಸ್ಕೃತವಾಗುವ ಅರ್ಜಿಗಳ ನಡುವೆ ಅದು ಹಿಂದೆ ಮುಂದೆ ಸರಿಯುತ್ತಲೇ ಇರುತ್ತದೆ.

ಎಂಟು ಒಂಬತ್ತಕ್ಕೆ ‘ಏನು ಮಾಡಿದ್ರು?’ ಎಂಬ ಪ್ರಶ್ನೆ ಬರುತ್ತದೆ. ಅಪರಾಧಕ್ಕೆ ಅದರದೇ ಹೆಸರು ಬಳಸಿ, ವಿವರಕ್ಕೆ ಇಳಿಯಬೇಡಿ. ಕೊಲೆಯನ್ನು ‘ಜಗಳ’ ಎಂದು ತಿಳಿಮಾಡಿದರೆ ಇನ್ನು ನಾಲ್ಕು ವರ್ಷಕ್ಕೆ ಆ ಸಾಲ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ಹನ್ನೆರಡು ಹದಿಮೂರಕ್ಕೆ ಮಗು ತೀರ್ಪನ್ನೋ ಸುದ್ದಿಯನ್ನೋ ತಾನೇ ಹುಡುಕಿ ಓದುತ್ತದೆ. ಅದಕ್ಕೂ ಮೊದಲು ‘ನಿನಗೆ ಬೇಕೆನಿಸಿದಾಗ ಇಬ್ಬರೂ ಕೂತು ಓದೋಣ’ ಎಂದು ಹೇಳಿಡುವುದು ಒಳ್ಳೆಯದು. ಹದಿನಾರು ಹದಿನೇಳರ ಪ್ರಶ್ನೆ ಬೇರೆಯೇ, ಅದನ್ನು ಮಕ್ಕಳು ನೇರವಾಗಿ ಕೇಳುವುದೂ ಕಡಿಮೆ: ನಾನೂ ಹಾಗೇ ಆಗ್ತೀನಾ? ಅವರು ಮಾಡಿದ್ದನ್ನು ದ್ವೇಷಿಸಿಕೊಂಡೇ ಅವರನ್ನು ಪ್ರೀತಿಸಬಹುದಾ? ಮೊದಲನೆಯದಕ್ಕೆ ಇಲ್ಲ, ರಕ್ತದಲ್ಲಿ ಅಪರಾಧ ಹರಿಯುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ. ಎರಡನೆಯದಕ್ಕೆ ಹೌದು.

ಮನೆಯೊಳಗೆ ಗುಟ್ಟು ಬೇಡ ಎಂದರೆ ಊರಿಗೆಲ್ಲ ಸಾರಬೇಕೆಂದಲ್ಲ. ಶಾಲೆಯ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಖಾನೆಯ ಮುಂದೆ ಪೆನ್ನು ಹಿಡಿದು ಕೂತ ಮಗುವಿಗೆ ಏನು ಬರೆಯಬೇಕೆಂದು ಮೊದಲೇ ಗೊತ್ತಿರಬೇಕು. ಸಹಪಾಠಿಗಳು ಕೇಳಿದರೆ ಹೇಳಲು ಒಂದು ಸಿದ್ಧ ವಾಕ್ಯ ಕೊಡಿ: ‘ಅಪ್ಪ ಈಗ ನಮ್ಮ ಜೊತೆ ಇಲ್ಲ, ಅದರ ಬಗ್ಗೆ ಮಾತಾಡೋಕೆ ನಂಗೆ ಇಷ್ಟ ಇಲ್ಲ.’ ಅದು ಸುಳ್ಳೂ ಅಲ್ಲ, ಮನೆಯ ಕಥೆಯನ್ನು ಬಿಚ್ಚುವುದೂ ಇಲ್ಲ. ಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ, ಒಬ್ಬರಿಗೆ ಮಾತ್ರ, ನಿಜ ತಿಳಿದಿರಲಿ. ಭೇಟಿಯ ಮರುದಿನ ಮಗು ತರಗತಿಯಲ್ಲಿ ಮಂಕಾಗಿ ಕೂತರೆ ಕಾರಣ ಗೊತ್ತಿರುವವರೊಬ್ಬರು ಬೇಕು.

ಭೇಟಿಯ ವಿಷಯಕ್ಕೆ ಬರೋಣ, ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲಿಯೇ. ಗಾಜಿನ ಆಚೆ ಒಬ್ಬರು, ಈಚೆ ಒಬ್ಬರು, ನಡುವೆ ಫೋನಿನ ರಿಸೀವರು. ಮೂರು ವರ್ಷದ ಮಗು ಗಾಜನ್ನು ತಟ್ಟುತ್ತದೆ, ಪಕ್ಕದಿಂದ ದಾರಿಯಿದೆಯೇ ಎಂದು ಬಗ್ಗಿ ನೋಡುತ್ತದೆ, ರಿಸೀವರನ್ನು ತಲೆಕೆಳಗಾಗಿ ಹಿಡಿಯುತ್ತದೆ, ಕೊನೆಗೆ ಬೆನ್ನು ತಿರುಗಿಸಿ ಕೂರುತ್ತದೆ. ಒಳಗಿದ್ದವರು ಅದನ್ನು ‘ನನ್ನನ್ನು ಮರೆತಿದೆ’ ಎಂದು ಓದಿಕೊಳ್ಳುತ್ತಾರೆ. ಮಹಿಳಾ ಕೈದಿಗಳ ಬಗ್ಗೆ ವಿಶ್ವಸಂಸ್ಥೆ 2010ರಲ್ಲಿ ಒಪ್ಪಿದ ಬ್ಯಾಂಕಾಕ್ ನಿಯಮಗಳಲ್ಲಿ 28ನೆಯದು, ತಾಯಿ ಮಕ್ಕಳ ಭೇಟಿ ತಡೆಯಿಲ್ಲದೆ, ಮುಟ್ಟಿ ಮಾತಾಡುವಂತಿರಬೇಕು ಎನ್ನುತ್ತದೆ. ಎಲ್ಲ ಕೈದಿಗಳ ಬಗ್ಗೆ ವಿಶ್ವಸಂಸ್ಥೆಯದೇ ಆದ 2015ರ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 43ನೆಯದು, ಕೈದಿಗೆ ಶಿಸ್ತು ಕಲಿಸುವ ನೆಪದಲ್ಲಿ ಮನೆಯವರ ಸಂಪರ್ಕ ಕಡಿಯುವಂತಿಲ್ಲ ಎನ್ನುತ್ತದೆ. ಇವು ನೇರವಾಗಿ ಜಾರಿಯಾಗುವ ಕಾನೂನುಗಳಲ್ಲ. ಆದರೂ ಅರ್ಜಿ ಬರೆಯುವಾಗ ನಿಯಮದ ಸಂಖ್ಯೆ ಹಾಕಿ ಬರೆದರೆ ಬರಿಯ ಗೋಳಿಗಿಂತ ತೂಕ ಬರುತ್ತದೆ.

ಹೊರಡುವ ಹಿಂದಿನ ದಿನ ಮಗುವಿಗೆ ಇಡೀ ದಾರಿಯನ್ನು ಬಾಯಲ್ಲೇ ನಡೆಸಿ: ದೊಡ್ಡ ಗೇಟು, ಸರದಿ, ಗುರುತಿನ ಚೀಟಿ, ಮೈ ತಪಾಸಣೆ, ಕಾಯುವುದು, ಮತ್ತೆ ಕಾಯುವುದು. ಗೊಂಬೆಯನ್ನು ಒಳಗೆ ಬಿಡದಿರಬಹುದೆಂದು ಮನೆಯಲ್ಲೇ ಹೇಳಿ, ಗೇಟಿನ ಮುಂದೆ ಕಸಿದುಕೊಳ್ಳುವಂತಾಗಬಾರದು. ಸಮಯ ಅರ್ಧ ಗಂಟೆ ಎಂದರೆ ಮೊದಲ ಇಪ್ಪತ್ತು ನಿಮಿಷ ಮಕ್ಕಳದು. ಕೇಸು, ಸಾಲ, ಜಗಳ ಇವಕ್ಕೆ ಮಕ್ಕಳಿಲ್ಲದ ಬೇರೆ ಭೇಟಿ ಇರಲಿ. ಮುಗಿಯಲು ಐದು ನಿಮಿಷ ಇರುವಾಗ ‘ಇನ್ನು ಐದು ನಿಮಿಷ’ ಎಂದು ಹೇಳಿ, ವಿದಾಯಕ್ಕೆ ಪ್ರತಿ ಸಲ ಒಂದೇ ಸನ್ನೆ ಇಟ್ಟುಕೊಳ್ಳಿ. ನಿಯಮದಲ್ಲಿ ಅವಕಾಶವಿದ್ದರೆ ಮಗುವೇ ಮೊದಲು ಹೊರಗೆ ನಡೆಯಲಿ. ಕಾವಲಿನವರ ನಡುವೆ ಅಪ್ಪನೋ ಅಮ್ಮನೋ ಸಾಗಿ ಹೋಗುವ ಬೆನ್ನು ಅದರ ಕೊನೆಯ ಚಿತ್ರವಾಗುವುದು ಬೇಡ.

ಭೇಟಿಯಾದ ಎರಡು ಮೂರು ದಿನ ಮಗು ಹೊಡೆಯುತ್ತದೆ, ಹಾಸಿಗೆ ಒದ್ದೆ ಮಾಡುತ್ತದೆ, ಹೊಟ್ಟೆನೋವು ಎನ್ನುತ್ತದೆ. ಇದನ್ನು ಕಂಡು ‘ಕರೆದುಕೊಂಡು ಹೋದದ್ದೇ ತಪ್ಪಾಯ್ತು’ ಎಂದು ಭೇಟಿ ನಿಲ್ಲಿಸುವವರು ಬಹಳ. ಬಹುಪಾಲು ಅದು ಮತ್ತೆ ಅಗಲಿದ ದುಃಖ, ಮೂರು ದಿನಕ್ಕೆ ಇಳಿಯುತ್ತದೆ. ಇಳಿಯದೆ ತಿಂಗಳುಗಟ್ಟಲೆ ಊಟ, ನಿದ್ದೆ, ಶಾಲೆ ಕೆಟ್ಟರೆ ಮಕ್ಕಳ ಮಾನಸಿಕ ತಜ್ಞರನ್ನು ಕಾಣಿ. ಒಂದು ಸಂದರ್ಭ ಮಾತ್ರ ಪೂರ್ತಿ ಬೇರೆ: ಅಪರಾಧ ನಡೆದದ್ದು ಆ ಮಗುವಿನ ಮೇಲೆ, ಇಲ್ಲವೇ ಅದರ ತಾಯಿಯ ಮೇಲೆ ಎಂದಾದರೆ ಮೇಲೆ ಹೇಳಿದ ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ಸಂಪರ್ಕ ಬೇಕೋ ಬೇಡವೋ ಎಂಬುದನ್ನು ತಜ್ಞರ ಜೊತೆ ಕೂತು, ಮಗುವಿನ ಇಚ್ಛೆಯಂತೆ ತೀರ್ಮಾನಿಸಬೇಕು. ನೆಂಟರ ಒತ್ತಾಯಕ್ಕೆ ಕಿವಿಗೊಡಬೇಡಿ.

ಪತ್ರಗಳಲ್ಲಿ ಒಳಗಿನವರು ಮಾಡುವ ತಪ್ಪು ಒಂದೇ, ಉಪದೇಶ. ಚೆನ್ನಾಗಿ ಓದು, ಅಮ್ಮನನ್ನು ನೋಡಿಕೋ, ತಮ್ಮನಿಗೆ ಬುದ್ಧಿ ಹೇಳು. ಹತ್ತು ವರ್ಷದ ಹುಡುಗನ ಹೆಗಲಿಗೆ ಸಂಸಾರವನ್ನೇ ಹೊರಿಸುವ ಮಾತಿದು. ಅದರ ಬದಲು ಕೋಣೆಯ ಕಿಟಕಿಯಿಂದ ಕಾಣುವ ಮರದ ಬಗ್ಗೆ ಎರಡು ಸಾಲು, ಒಂದು ಒಗಟು, ಮುಂದಿನ ಪತ್ರದಲ್ಲಿ ಅದರ ಉತ್ತರ. ಅಂಗೈ ಇಟ್ಟು ಸುತ್ತ ಗೆರೆ ಎಳೆದ ಹಾಳೆಯನ್ನು ಇಬ್ಬರೂ ಕಳಿಸಿಕೊಳ್ಳಬಹುದು. ಮಗು ವರ್ಷಕ್ಕೊಮ್ಮೆ ತನ್ನ ಕೈಯನ್ನು ಆ ಗೆರೆಯ ಮೇಲಿಟ್ಟು ಅಳೆಯುತ್ತದೆ. ಎರಡು ತಿಂಗಳಿಗೊಂದು ಉದ್ದನೆಯ ಪತ್ರಕ್ಕಿಂತ ವಾರಕ್ಕೊಂದು ಚಿಕ್ಕದು ಮೇಲು.

ಹಣದ ಮಾತು ಚಿಕ್ಕದಾಗಿ. ಒಂದು ಸಂಪಾದನೆ ನಿಲ್ಲುವುದರ ಜೊತೆಗೆ ವಕೀಲರ ಶುಲ್ಕ, ಪ್ರಯಾಣ, ಒಳಗಿನ ಖರ್ಚಿಗೆ ಕಳಿಸುವ ಹಣ ಸೇರುತ್ತವೆ. ಒಳಗೆ ಕಳಿಸುವ ಮೊತ್ತಕ್ಕೆ ತಿಂಗಳ ಮಿತಿ ಮೊದಲೇ ಹಾಕಿಕೊಳ್ಳಿ, ಇಲ್ಲದಿದ್ದರೆ ಅಪರಾಧಿ ಭಾವವೇ ಅದನ್ನು ಏರಿಸುತ್ತಾ ಹೋಗುತ್ತದೆ. ಬ್ಯಾಂಕು, ಆಸ್ತಿ, ಮಕ್ಕಳ ದಾಖಲೆಗಳಿಗೆ ಸಹಿ ಬೇಕಾಗುವುದರಿಂದ ಅವರ ಪರವಾಗಿ ಸಹಿ ಹಾಕುವ ಅಧಿಕಾರ ಪತ್ರವನ್ನು (ಪವರ್ ಆಫ್ ಅಟಾರ್ನಿ) ಮೊದಲ ತಿಂಗಳುಗಳಲ್ಲೇ ಮಾಡಿಸಿಡಿ. ಜೈಲಿನ ಮೂಲಕ ಒಂದು ಸಹಿ ಹೊರಬರಲು ವಾರಗಳೇ ಹಿಡಿಯಬಹುದು. ಜೈಲಿಗೆ ಹೋದವರು ತಾಯಿಯಾದರೆ ಲೆಕ್ಕವೇ ಬದಲು. ತಂದೆ ಹೋದಾಗ ಮಕ್ಕಳು ಸಾಮಾನ್ಯವಾಗಿ ತಾಯಿಯ ಜೊತೆ ಅದೇ ಮನೆಯಲ್ಲಿ ಉಳಿಯುತ್ತಾರೆ. ತಾಯಿ ಹೋದರೆ ಒಬ್ಬರು ಅಜ್ಜಿಯ ಮನೆಗೆ, ಇನ್ನೊಬ್ಬರು ಚಿಕ್ಕಮ್ಮನ ಮನೆಗೆ ಹಂಚಿಹೋಗುವುದುಂಟು. ಏನೇ ಮಾಡಿದರೂ ಒಡಹುಟ್ಟಿದವರನ್ನು ಬೇರೆ ಮಾಡಬೇಡಿ.

ವರ್ಷಗಳು ಕಳೆದಂತೆ ಒಳಗಿನವರ ಮನಸ್ಸಿನಲ್ಲಿ ಮಗುವಿನ ವಯಸ್ಸು ಬಂಧನದ ದಿನಕ್ಕೇ ನಿಂತುಬಿಡುತ್ತದೆ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ನೆಲ್ಸನ್ ಮಂಡೇಲಾ ಅವರಿಗೆ ಆರಂಭದಲ್ಲಿ ಆರು ತಿಂಗಳಿಗೊಂದು ಪತ್ರ, ಒಂದು ಭೇಟಿ ಅಷ್ಟೇ ಇತ್ತು. ಹದಿನಾರು ತುಂಬದ ಮಕ್ಕಳಿಗೆ ಪ್ರವೇಶವಿರಲಿಲ್ಲ. ಕಿರಿಯ ಮಗಳು ಜಿಂಜಿ ಅಲ್ಲಿ ಅವರನ್ನು ಕಂಡದ್ದು 1975ರಲ್ಲಿ. ಪುಟ್ಟ ಕೂಸಾಗಿದ್ದಾಗ ಬಿಟ್ಟುಬಂದವಳು ಗಾಜಿನ ಆಚೆ ಯುವತಿಯಾಗಿ ಬಂದು ಕೂತಿದ್ದಳು. ಈ ಅಂತರ ತುಂಬಲು ಒಂದು ಸುಲಭ ಉಪಾಯವಿದೆ: ಮೂರು ತಿಂಗಳಿಗೊಮ್ಮೆ ಮಗುವಿನ ಈಗಿನ ಫೋಟೊ, ಎತ್ತರ, ಚಪ್ಪಲಿಯ ಅಳತೆ, ಈಗ ಇಷ್ಟವಾದದ್ದು, ಬೇಡವಾದದ್ದು ಇಷ್ಟನ್ನು ಒಂದು ಪುಟದಲ್ಲಿ ಬರೆದು ಕಳಿಸಿ.

ಬಿಡುಗಡೆಯ ತಯಾರಿ ಒಂದು ವರ್ಷ ಮೊದಲೇ ಶುರುವಾಗಬೇಕು. ಪೆರೋಲ್ ಸಿಕ್ಕರೆ ಅದನ್ನು ತಾಲೀಮಿನಂತೆ ಬಳಸಿಕೊಳ್ಳಿ. ಯಾರು ಎಲ್ಲಿ ಮಲಗುವುದು, ಮಕ್ಕಳಿಗೆ ಬುದ್ಧಿ ಹೇಳುವವರು ಯಾರು, ಹಣ ಯಾರ ಕೈಯಲ್ಲಿ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಮೊದಲ ಆರು ತಿಂಗಳು ಇದುವರೆಗೆ ಮನೆ ನಡೆಸಿದವರ ಮಾತೇ ನಡೆಯಲಿ. ಬಂದವರು ಹದಿನಾರರ ಮಗಳಿಗೆ ಆರು ವರ್ಷದವಳಿಗೆ ಹಾಕುವ ನಿಯಮ ಹಾಕಲು ಹೋಗುವುದೇ ಮೊದಲ ಜಗಳ. ಅವರು ರಾತ್ರಿ ದೀಪ ಆರಿಸದೆ ಮಲಗಬಹುದು, ತಟ್ಟೆಯ ಮೇಲೆ ಬಗ್ಗಿ ಗಬಗಬನೆ ಉಣ್ಣಬಹುದು, ಮುಚ್ಚಿದ ಬಾಗಿಲ ಮುಂದೆ ಯಾರಾದರೂ ತೆಗೆಯಲಿ ಎಂದು ಸುಮ್ಮನೆ ನಿಂತುಬಿಡಬಹುದು. ಹೀಗಾಗಬಹುದೆಂದು ಮಕ್ಕಳಿಗೆ ಮುಂಚೆಯೇ ಹೇಳಿಡಿ. ನಗಬಾರದು, ಓಡಿಹೋಗಿ ತೆಗೆಯಲೂ ಬಾರದು. ‘ಚಿಲಕ ಹಾಕಿಲ್ಲ ಅಪ್ಪಾ’ ಎಂದರೆ ಸಾಕು.