ಹೊಸ ಚೈನ್ ಹಾಕಿಸಿದ ಮೇಲೆ ಸೈಕಲ್ ಜಾರುತ್ತಿದೆ. ಅಂಗಡಿಯವರು ಮೋಸ ಮಾಡಿದರಾ?

ಪ್ರಶ್ನೆ: ನನ್ನದು ಏಳು ಗೇರಿನ ಸೈಕಲ್. ದಿನಾ ಕೆಲಸಕ್ಕೆ ಅದರಲ್ಲೇ ಹೋಗುತ್ತೇನೆ. ಸರ್ವಿಸ್‌ಗೆ ಕೊಟ್ಟಾಗ ‘ಚೈನ್ ಹೋಗಿದೆ’ ಅಂತ ಹೇಳಿ ಹೊಸದು ಹಾಕಿದರು. ಅಲ್ಲಿವರೆಗೆ ಚೆನ್ನಾಗಿಯೇ ಓಡುತ್ತಿದ್ದ ಸೈಕಲ್ ಈಗ ಏರು ಹತ್ತುವಾಗ ಕಟ್ ಕಟ್ ಅಂತ ಜಾರುತ್ತದೆ. ವಾಪಸ್ ತೆಗೆದುಕೊಂಡು ಹೋದರೆ ‘ಫ್ರೀವೀಲೂ ಬದಲಾಯಿಸಬೇಕು’ ಅನ್ನುತ್ತಾರೆ. ಸರಿ ಇದ್ದದ್ದನ್ನು ಕೆಡಿಸಿ ದುಡ್ಡು ಕೀಳುತ್ತಿದ್ದಾರಾ?

ಉತ್ತರ: ಫ್ರೀವೀಲ್, ಅಂದರೆ ಹಿಂದಿನ ಚಕ್ರದ ನಡುವೆ ಚೈನ್ ಕೂರುವ ಹಲ್ಲಿನ ಚಕ್ರಗಳ ಜೋಡಣೆ. ಅದರ ಬಗ್ಗೆ ಅವರು ಹೇಳಿದ್ದು ಬಹುಮಟ್ಟಿಗೆ ನಿಜ ಇರಬೇಕು. ಆದರೆ ಆ ಮಾತನ್ನು ಚೈನ್ ಬಿಚ್ಚುವ ಮೊದಲೇ ಹೇಳಬೇಕಿತ್ತು. ನಿಮ್ಮ ಸಿಟ್ಟಿಗೆ ಕಾರಣ ಇದೆ. ಆದರೆ ಅದು ಮೋಸ ಅಲ್ಲ, ಮೊದಲೇ ಹೇಳದೆ ಇದ್ದದ್ದು. ಸೈಕಲ್ ಅಂಗಡಿಗಳ ಬಗ್ಗೆ ನಾನು ಕೇಳುವ ದೂರುಗಳಲ್ಲಿ ಜಾಸ್ತಿ ಪಾಲು ಇದೇ ಜಾತಿಯವು. ಕೆಲಸ ತಪ್ಪಿರುವುದಿಲ್ಲ, ಮಾತು ತಡವಾಗಿರುತ್ತದೆ.

ಮೊದಲು ಚೈನ್ ಹೇಗೆ ಸವೆಯುತ್ತದೆ ಅಂತ ನೋಡೋಣ. ಇದು ಗೊತ್ತಾದರೆ ಅಂಗಡಿಯಲ್ಲಿ ಅರ್ಧ ಜಗಳ ತಪ್ಪುತ್ತದೆ.

ಸೈಕಲ್ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಪಕ್ಕದ ಪಿನ್ನಿನ ನಡುವಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಹಾಲಿನ ಕ್ಯಾನ್ ಹೊರುವ ಹಳೇ ಕಪ್ಪು ಸೈಕಲ್ಲಿಗೂ, ಲಕ್ಷ ರೂಪಾಯಿಯ ರೇಸ್ ಸೈಕಲ್ಲಿಗೂ ಇದೇ ಅಳತೆ. ಬದಲಾಗುವುದು ಚೈನಿನ ಅಗಲ ಮಾತ್ರ. ಒಂದು ಚೈನಿನಲ್ಲಿ ನೂರಕ್ಕೂ ಹೆಚ್ಚು ಪಿನ್ ಇರುತ್ತವೆ. ಓಡಿಸಿದಷ್ಟೂ ಪ್ರತಿ ಪಿನ್ನೂ, ಅದು ಕೂರುವ ತೂತೂ ಕೂದಲೆಳೆಯಷ್ಟು ಸವೆಯುತ್ತವೆ. ಒಂದೊಂದನ್ನೇ ನೋಡಿದರೆ ಕಣ್ಣಿಗೆ ಕಾಣುವುದಿಲ್ಲ. ಎಲ್ಲ ಸೇರಿದಾಗ ಚೈನ್ ಉದ್ದವಾಗುತ್ತದೆ. ‘ಚೈನ್ ಎಳೆದುಕೊಂಡಿದೆ’ ಅಂತ ಮೆಕ್ಯಾನಿಕ್ ಹೇಳುತ್ತಾರಲ್ಲ, ಅಲ್ಲಿ ಕಬ್ಬಿಣ ಎಳೆದುಕೊಂಡಿರುವುದಿಲ್ಲ. ಪಿನ್ ಸವೆದಿರುತ್ತದೆ.

ಕರಾವಳಿ, ಮಲೆನಾಡಿನಲ್ಲಿ ಇದು ಬೇಗ ಆಗುತ್ತದೆ. ಮಳೆನೀರು ಎಣ್ಣೆಯನ್ನು ತೊಳೆದುಬಿಡುತ್ತದೆ. ಆ ಜಾಗಕ್ಕೆ ಕೆಂಪು ಮಣ್ಣಿನ ನುಣ್ಣನೆ ಪುಡಿ ಹೋಗಿ ಕೂರುತ್ತದೆ. ಅದರ ಮೇಲೆ ಎಣ್ಣೆ ಬಿಟ್ಟರೆ ಪಿನ್ನನ್ನು ಉಜ್ಜುವ ಪೇಸ್ಟ್ ಆಗುತ್ತದೆ. ಅದಕ್ಕೇ ಮೊದಲು ಒರೆಸಿ, ಆಮೇಲೆ ಎಣ್ಣೆ ಹಾಕಿ, ಕೊನೆಗೆ ಹೊರಗಿನ ಎಣ್ಣೆಯನ್ನೂ ಒರೆಸಿ ತೆಗೆಯಬೇಕು. ಎಣ್ಣೆ ಬೇಕಿರುವುದು ಚೈನಿನ ಒಳಗೆ. ಹೊರಗೆ ಉಳಿದದ್ದು ದೂಳು ಹಿಡಿಯುವುದಕ್ಕಷ್ಟೇ.

ಈಗ ಫ್ರೀವೀಲಿಗೆ ಬರೋಣ. ಉದ್ದವಾದ ಚೈನ್ ಅದರ ಹಲ್ಲುಗಳ ಮೇಲೆ ತನ್ನ ಜಾಗದಲ್ಲಿ ಕೂರುವುದಿಲ್ಲ, ಸ್ವಲ್ಪ ಮೇಲಕ್ಕೆ ಕೂರುತ್ತದೆ. ಹಲ್ಲು ಅಲ್ಲೇ ಸವೆದು ಕೊಕ್ಕೆಯ ಆಕಾರಕ್ಕೆ ತಿರುಗುತ್ತದೆ. ಕಾಲಿನ ಆಕಾರಕ್ಕೆ ಬಂದ ಹಳೇ ಚಪ್ಪಲಿಯ ಹಾಗೆ ಹಳೇ ಚೈನೂ ಹಳೇ ಫ್ರೀವೀಲೂ ಒಂದಕ್ಕೊಂದು ಒಗ್ಗಿಹೋಗಿರುತ್ತವೆ. ಅದಕ್ಕೇ ‘ಅಲ್ಲಿವರೆಗೆ ಚೆನ್ನಾಗಿಯೇ ಓಡುತ್ತಿತ್ತು’ ಅಂತ ನೀವು ಹೇಳುವುದು. ಆ ಮಾತು ಸುಳ್ಳಲ್ಲ. ಈಗ ಅಳತೆಗೆ ಸರಿಯಾದ ಹೊಸ ಚೈನ್ ಬಂತು. ಸವೆದ ಹಲ್ಲುಗಳಿಗೆ ಅದು ಹೊಂದುವುದಿಲ್ಲ. ಭಾರವೆಲ್ಲ ಒಂದೆರಡು ಹಲ್ಲಿನ ಮೇಲೇ ಬೀಳುತ್ತದೆ. ಸಮತಟ್ಟು ರಸ್ತೆಯಲ್ಲಿ ಹೇಗೋ ನಡೆಯುತ್ತದೆ. ಏರಿನಲ್ಲಿ ಕಾಲು ಒತ್ತಿದ ಕೂಡಲೇ ಚೈನ್ ಹಲ್ಲು ಹತ್ತಿ ಮುಂದಕ್ಕೆ ಹಾರುತ್ತದೆ. ನಿಮಗೆ ಕೇಳುವ ಕಟ್ ಕಟ್ ಅದೇ.

ಇದನ್ನು ಅಂಗಡಿಯವರ ಮಾತಿನ ಮೇಲೆ ನಂಬಬೇಕಿಲ್ಲ, ಮನೆಯಲ್ಲೇ ನೋಡಬಹುದು. ನೀವು ದಿನಾ ಬಳಸುವ ಗೇರ್ ಬಿಟ್ಟು, ಹಿಂದಿನ ದೊಡ್ಡ ಹಲ್ಲಿನ ಚಕ್ರಕ್ಕೆ ಚೈನ್ ಹಾಕಿ. ಅದೇ ಏರನ್ನು ಸೀಟಿನ ಮೇಲೆ ಕೂತೇ, ಜೋಪಾನವಾಗಿ ಹತ್ತಿ. ಅಲ್ಲಿ ಜಾರದೆ, ದಿನದ ಒಂದೆರಡು ಗೇರಿನಲ್ಲಿ ಮಾತ್ರ ಜಾರಿದರೆ ಸವೆದಿರುವುದು ಆ ಚಕ್ರಗಳೇ. ಅಂಗಡಿಯವರ ಮಾತು ಸರಿ.

ಎಲ್ಲ ಗೇರಿನಲ್ಲೂ, ಲೆಕ್ಕ ಹಾಕಿದ ಹಾಗೆ ಒಂದೇ ಅಂತರದಲ್ಲಿ ಒಂದು ಸಲ ಹಾರಿದರೆ ಕಥೆ ಬೇರೆ. ಹೊಸ ಚೈನನ್ನು ಕತ್ತರಿಸಿ ಜೋಡಿಸುವಾಗ ಪಿನ್ ಒತ್ತಿ ಕೂರಿಸಿದ ಜಾಗದಲ್ಲಿ ಒಂದು ಲಿಂಕ್ ಬಿಗಿಯಾಗಿ ಉಳಿದಿರುತ್ತದೆ. ಪೆಡಲ್ ಹಿಂದಕ್ಕೆ ನಿಧಾನವಾಗಿ ತಿರುಗಿಸಿ ಹಿಂದಿನ ಪುಟ್ಟ ಗಾಲಿಗಳ ಹತ್ತಿರ ನೋಡುತ್ತಿರಿ. ಒಂದು ಲಿಂಕ್ ಮಡಚದೆ ಎದ್ದು ನಿಲ್ಲುವುದು ಕಾಣುತ್ತದೆ. ಇದು ಅಂಗಡಿಯ ಕೆಲಸದ ತಪ್ಪು. ಸರಿಮಾಡಲು ಕೆಲವೇ ನಿಮಿಷ ಸಾಕು, ದುಡ್ಡು ಕೇಳಬಾರದು. ಇನ್ನು ಕಾಲು ಒತ್ತದೆ ಇದ್ದರೂ ಗೇರ್ ತಾನಾಗಿ ಬದಲಾಗುತ್ತಿದ್ದರೆ ಗೇರ್ ವೈರ್ ಸಡಿಲ ಇರಬಹುದು. ಇಲ್ಲವೇ ಗೇರ್ ಸಿಕ್ಕಿಸಿರುವ ಹ್ಯಾಂಗರ್ ಬೆಂಡ್ ಆಗಿರಬಹುದು. ಬಲಗಡೆಗೆ ಒಮ್ಮೆ ಸೈಕಲ್ ಬಿದ್ದರೂ ಅದು ಬಗ್ಗುತ್ತದೆ. ಇವೆರಡಕ್ಕೂ ಫ್ರೀವೀಲ್ ಬದಲಿಸಿದರೆ ಏನೂ ಪ್ರಯೋಜನ ಇಲ್ಲ.

ಗೇರ್ ಇಲ್ಲದ ಸೈಕಲ್ಲಿನವರಿಗೂ ಒಂದು ಮಾತು. ಪೆಡಲ್ ತುಳಿದರೂ ಚಕ್ರ ತಿರುಗದೆ ಸುಮ್ನೆ ಖಾಲಿ ತಿರುಗಿದರೆ ತಕ್ಷಣ ಹೊಸ ಫ್ರೀವೀಲ್ ಕೊಳ್ಳಬೇಡಿ. ಅದರೊಳಗಿನ ಪುಟ್ಟ ನಾಲಿಗೆಗಳು ಹಳೇ ಗಟ್ಟಿ ಗ್ರೀಸಿನಲ್ಲಿ ಅಂಟಿಕೊಂಡಿರಬಹುದು. ಸೀಮೆಎಣ್ಣೆಯಲ್ಲಿ ತೊಳೆದು ತೆಳು ಎಣ್ಣೆ ಬಿಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ.

ಹಾಗಾದರೆ ಚೈನ್ ಹಾಕುವ ಮೊದಲೇ ಇದು ತಿಳಿಯುತ್ತಿತ್ತಾ? ಖಂಡಿತ ತಿಳಿಯುತ್ತಿತ್ತು. ಬೇಕಿರುವುದು ಒಂದಡಿಯ ಸ್ಕೇಲ್, ಅಷ್ಟೇ. ಇಂಚಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಟ್ಟು, ಚೈನನ್ನು ಬಿಗಿಯಾಗಿ ಹಿಡಿದು ನೋಡಿ. ಇಪ್ಪತ್ನಾಲ್ಕನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬರಬೇಕು. ಸೊನ್ನೆಯ ಪಿನ್ನನ್ನು ಎಣಿಸಬೇಡಿ. ಅದು 1/16 ಇಂಚು ಮುಂದೆ ಹೋಗಿದ್ದರೆ ಚೈನ್ ಬದಲಿಸುವ ಹೊತ್ತಾಗಿದೆ, ಫ್ರೀವೀಲ್ ಇನ್ನೂ ಉಳಿದಿರಬಹುದು. 1/8 ಇಂಚು ಹೋಗಿದ್ದರೆ ಫ್ರೀವೀಲ್ ಕೂಡ ಹೋಗಿದೆ ಅಂತಲೇ ಇಟ್ಟುಕೊಳ್ಳಿ. ಅಂಗಡಿಗಳಲ್ಲಿ ಇದಕ್ಕೆ ಚೈನ್ ಚೆಕ್ಕರ್ ಅನ್ನುವ ಪುಟ್ಟ ತಗಡಿನ ಸಾಧನ ಇರುತ್ತದೆ. ಅದರ ಮೇಲೆ ಸಾಮಾನ್ಯವಾಗಿ 0.5, 0.75 ಅಥವಾ 1 ಅಂತ ಬರೆದಿರುತ್ತದೆ. ಅದು ಶೇಕಡಾ ಲೆಕ್ಕ. ಹತ್ತು ಗೇರಿನವರೆಗಿನ ಚೈನಿಗೆ 0.75, ಹನ್ನೊಂದು ಹನ್ನೆರಡು ಗೇರಿನ ತೆಳು ಚೈನಿಗೆ 0.5 ಬಂದರೆ ಬದಲಿಸುವುದು ರೂಢಿ. ಅನುಭವ ಇರುವ ಮೆಕ್ಯಾನಿಕ್‌ಗೆ ಇದೂ ಬೇಡ. ಮುಂದಿನ ದೊಡ್ಡ ಚಕ್ರದ ಮೇಲಿನ ಚೈನನ್ನು ಬೆರಳಲ್ಲಿ ಮುಂದಕ್ಕೆ ಎಳೆದು ನೋಡುತ್ತಾರೆ. ಹಲ್ಲು ಅರ್ಧಕ್ಕಿಂತ ಜಾಸ್ತಿ ಹೊರಗೆ ಕಂಡರೆ ತೀರ್ಪು ಆಗಿಹೋಯಿತು.

ನಿಮ್ಮ ಅಂಗಡಿಯವರೂ ಹೀಗೆ ನೋಡಿಯೇ ‘ಚೈನ್ ಹೋಗಿದೆ’ ಅಂದಿರಬೇಕು. ಆಗಲೇ ಇನ್ನೊಂದು ಮಾತು ಸೇರಿಸಬೇಕಿತ್ತು: ‘ಫ್ರೀವೀಲೂ ಸವೆದಿದೆ. ಎರಡನ್ನೂ ಹಾಕಿ, ಇಲ್ಲ ಎರಡನ್ನೂ ಹಾಗೇ ಬಿಡಿ.’ ಈ ಒಂದು ಮಾತಿನಲ್ಲೇ ಒಳ್ಳೆ ಅಂಗಡಿ ಯಾವುದು ಅಂತ ನಾನು ಗುರುತಿಸುತ್ತೇನೆ. ಬಣ್ಣಬಣ್ಣದ ಬೋರ್ಡ್, ಗೋಡೆ ತುಂಬ ನೇತುಹಾಕಿದ ಟೂಲ್ಸ್ ನೋಡಿ ಅಲ್ಲ.

‘ಎರಡನ್ನೂ ಹಾಗೇ ಬಿಡಿ’ ಅನ್ನುವುದು ಸೋಮಾರಿತನದ ಮಾತಲ್ಲ. ದಿನಾ ಕೆಲಸಕ್ಕೆ ಹೋಗುವ ಏಳು ಗೇರಿನ ಸೈಕಲ್ಲಿಗೆ ಅದು ಬುದ್ಧಿವಂತ ಲೆಕ್ಕ. ಇಂಥ ಸೈಕಲ್ಲಿನ ಫ್ರೀವೀಲ್ ಸಾಮಾನ್ಯವಾಗಿ ಕೆಲವು ನೂರು ರೂಪಾಯಿಯ ಮಾತು. ಚೈನೂ ಅಷ್ಟೇ. ಸವೆದ ಜೋಡಿಯನ್ನು ತಾನಾಗಿ ಜಾರುವವರೆಗೆ ಓಡಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಬದಲಿಸಿದರೆ ನಷ್ಟವಿಲ್ಲ. ಹನ್ನೊಂದು ಗೇರಿನ ಸೈಕಲ್ಲಿನಲ್ಲಿ ಫ್ರೀವೀಲಿನ ಜಾಗದಲ್ಲಿರುವ ಹಲ್ಲಿನ ಚಕ್ರಗಳಿಗೆ ಕ್ಯಾಸೆಟ್ ಅನ್ನುತ್ತಾರೆ. ಅದು ಹಾಗಲ್ಲ, ಸಾವಿರಗಳಲ್ಲಿ ಹೋಗುತ್ತದೆ. ಅಲ್ಲಿ ಚೈನನ್ನು ಬೇಗ ಬದಲಿಸಿ ಕ್ಯಾಸೆಟ್ ಉಳಿಸಿಕೊಳ್ಳುವುದು ಲಾಭ. ಎರಡರಲ್ಲಿ ಯಾವುದನ್ನು ಆರಿಸಬೇಕು ಅನ್ನುವುದು ಸೈಕಲ್ಲಿನ ಮಾಲೀಕರಿಗೆ ಬಿಟ್ಟದ್ದು. ನಿಮ್ಮ ವಿಷಯದಲ್ಲಿ ಆ ಆಯ್ಕೆಯೇ ನಿಮಗೆ ಸಿಗಲಿಲ್ಲ. ನನಗೂ ಬೇಸರ ಆಗುವುದು ಇದಕ್ಕೇ.

ಅಂಗಡಿಯವರ ಕಡೆಯಿಂದಲೂ ನೋಡಬೇಕು, ಅಲ್ವಾ? ಸಣ್ಣ ಅಂಗಡಿಯಲ್ಲಿ ಒಬ್ಬರೇ ಪಂಕ್ಚರ್ ಹಾಕಬೇಕು, ಗಾಳಿ ಹೊಡೆಯಬೇಕು, ಬೆಂಡ್ ತೆಗೆಯಬೇಕು. ಹತ್ತು ನಿಮಿಷ ನೋಡಿ, ಅಳೆದು, ವಿವರಿಸಿದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಹೊಸ ಪಾರ್ಟ್ ಹಾಕಿದರೆ ಮರುಮಾತಿಲ್ಲದೆ ಕೊಡುತ್ತಾರೆ. ಕೂಲಿಗೆ ಚೌಕಾಸಿ, ಸಾಮಾನಿಗೆ ಪೂರ್ತಿ ಬೆಲೆ. ಇಂಥ ಕಡೆ ಪಾರ್ಟ್ ಬದಲಿಸುವ ಅಭ್ಯಾಸ ಬೆಳೆದರೆ ಆಶ್ಚರ್ಯ ಇಲ್ಲ. ‘ನೋಡಿ ಹೇಳಿ, ನೋಡಿದ್ದಕ್ಕೇ ಕೊಡುತ್ತೇನೆ’ ಅಂತ ಒಮ್ಮೆ ಹೇಳಿ ನೋಡಿ. ಮಾತಿನ ಧಾಟಿಯೇ ಬದಲಾಗುತ್ತದೆ.

ಇನ್ನೊಂದು ಗೊಂದಲ ‘ಸರ್ವಿಸ್’ ಅನ್ನುವ ಮಾತಿನಿಂದಲೇ ಹುಟ್ಟುತ್ತದೆ. ನಮ್ಮ ಹಿಂದಿನವರು ಸೈಕಲ್ಲನ್ನು ‘ಓವರಾಯ್ಲಿಂಗ್’ಗೆ ಕೊಡುತ್ತಿದ್ದರು. ಎರಡೂ ಚಕ್ರದ ಆಕ್ಸಲ್, ಎರಡು ಪೆಡಲ್‌ಗಳ ನಡುವಿನ ಬೇರಿಂಗ್ ಭಾಗವಾದ ಬಿಬಿ (ಬಾಟಮ್ ಬ್ರಾಕೆಟ್), ಹ್ಯಾಂಡಲಿನ ಬೇರಿಂಗ್ ಕಪ್ ಎಲ್ಲ ಬಿಚ್ಚಿ, ಬಾಲ್ಸ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ತುಂಬಿ ಮತ್ತೆ ಜೋಡಿಸುವುದು. ಒಂದು ಸೈಕಲ್ಲಿಗೆ ಅರ್ಧ ದಿನದ ಕೆಲಸ. ಈಗ ‘ಜನರಲ್ ಸರ್ವಿಸ್’ ಅಂದರೆ ಬಹಳ ಕಡೆ ತೊಳೆದು, ಬ್ರೇಕ್ ಬಿಗಿಮಾಡಿ, ಗೇರ್ ಹೊಂದಿಸಿ, ಎಣ್ಣೆ ಬಿಟ್ಟು ಕೊಡುವುದಷ್ಟೇ. ಒಳಗೆ ಏನೂ ಬಿಚ್ಚುವುದಿಲ್ಲ. ಕೊಟ್ಟವರ ಮನಸ್ಸಿನಲ್ಲಿ ಓವರಾಯ್ಲಿಂಗ್, ಅಂಗಡಿಯಲ್ಲಿ ಆಗಿದ್ದು ಜನರಲ್ ಸರ್ವಿಸ್. ವಾರದೊಳಗೆ ಪೆಡಲ್ ಕಡೆಯಿಂದ ಸದ್ದು ಬಂದರೆ ‘ಏನೂ ಮಾಡೇ ಇಲ್ಲ’ ಅಂತ ಜಗಳ. ಆದ್ದರಿಂದ ಕೊಡುವಾಗಲೇ ಕೇಳಿ: ಆಕ್ಸಲ್ ಬಿಚ್ಚುತ್ತೀರಾ? ಬಿಬಿ ಬಿಚ್ಚುತ್ತೀರಾ? ಜೋರು ನೀರಿನ ಗನ್ನಿನಲ್ಲಿ ತೊಳೆಯುತ್ತಾರಾ ಅಂತಲೂ ಕೇಳಿ. ಆ ರಭಸಕ್ಕೆ ನೀರು ಬೇರಿಂಗಿನೊಳಗೆ ಹೋಗಿ ಗ್ರೀಸ್ ಕೆಡಿಸುತ್ತದೆ. ಬ್ರೇಕ್ ಪ್ಯಾಡ್ ಹತ್ತಿರ, ರಿಮ್ ಮೇಲೆ ಎಣ್ಣೆ ಸ್ಪ್ರೇ ಬಿದ್ದರಂತೂ ಬ್ರೇಕ್ ಹಿಡಿಯುವುದೇ ಇಲ್ಲ.

ಏನೇ ಪಾರ್ಟ್ ಬದಲಿಸಿದರೂ ಹಳೆಯದನ್ನು ವಾಪಸ್ ಕೇಳಿ. ಅದು ಅನುಮಾನ ಪಟ್ಟ ಹಾಗಲ್ಲ. ಕೆಲಸ ಗೊತ್ತಿರುವ ಮೆಕ್ಯಾನಿಕ್ ಅದನ್ನು ಕೈಯಲ್ಲಿ ಹಿಡಿದು, ಎಲ್ಲಿ ಸವೆದಿದೆ ಅಂತ ಖುಷಿಯಿಂದಲೇ ತೋರಿಸುತ್ತಾರೆ. ಬಿಲ್ಲಿನಲ್ಲಿ ಪಾರ್ಟಿನ ಕಂಪನಿ ಹೆಸರು, ಬೆಲೆ, ಕೂಲಿ ಬೇರೆ ಬೇರೆ ಬರೆಸಿಕೊಳ್ಳಿ. ಬಿಲ್ ಇದ್ದು, ಕೆಲಸ ನಿಜವಾಗಿ ಕೆಟ್ಟು, ಮಾತಾಡಿದರೂ ಬಗೆಹರಿಯದೆ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ರಿಪೇರಿಯೂ ಒಂದು ಸೇವೆಯೇ, ಅದರ ಕೊರತೆಗೂ ದೂರು ಕೊಡಬಹುದು. ಆದರೆ ನಿಮ್ಮ ಪ್ರಕರಣ ಅಷ್ಟು ದೂರ ಹೋಗುವಂಥದ್ದು ಅಂತ ನನಗೆ ಅನ್ನಿಸುವುದಿಲ್ಲ.

ಈಗ ನೀವೇನು ಮಾಡಬೇಕು? ಮೊದಲನೆಯದು, ಜಾರುವ ಸೈಕಲ್ಲನ್ನು ಹಾಗೇ ಓಡಿಸಬೇಡಿ. ನಿಂತು ಪೆಡಲ್ ತುಳಿಯುವುದಂತೂ ಬೇಡವೇ ಬೇಡ. ಚೈನ್ ಹಾರಿದ ಕ್ಷಣ ಕಾಲಿನ ಕೆಳಗೆ ಏನೂ ಇರುವುದಿಲ್ಲ. ಎದೆ ಹ್ಯಾಂಡಲಿಗೆ ಬಡಿಯುತ್ತದೆ, ಹಿಂದೆ ಬಸ್ಸಿದ್ದರೆ ಗತಿ ಏನು? ‘ಓಡಿಸುತ್ತಾ ಓಡಿಸುತ್ತಾ ಹೊಂದಿಕೊಳ್ಳುತ್ತದೆ’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸವೆದ ಹಲ್ಲು ಹೊಸ ಚೈನನ್ನೂ ಬೇಗ ತಿನ್ನುತ್ತದೆ.

ಹಳೇ ಚೈನ್ ಅಂಗಡಿಯಲ್ಲಿ ಇನ್ನೂ ಬಿದ್ದಿದ್ದರೆ ಕೇಳಿ ನೋಡಿ. ಅದನ್ನೇ ಹಾಕಿಸಿಕೊಂಡು ಇನ್ನಷ್ಟು ದಿನ ಓಡಿಸಬಹುದು. ಹೊಸದನ್ನು ಎಣ್ಣೆ ಹಚ್ಚಿ ಎತ್ತಿಡಿ. ಹಳೆಯದು ಸಿಗದಿದ್ದರೆ ಫ್ರೀವೀಲ್ ಹಾಕಿಸುವುದೇ ದಾರಿ. ಅದರ ಬೆಲೆ ನೀವು ಕೊಡಬೇಕಾದದ್ದು, ಯಾಕೆಂದರೆ ಸವೆಸಿದ್ದು ನಿಮ್ಮ ಕಾಲೇ. ಆದರೆ ಕೂಲಿಯ ಬಗ್ಗೆ ಮಾತಾಡಿ. ‘ಮೊದಲೇ ಹೇಳಿದ್ದರೆ ಒಂದೇ ಸಲ ಮುಗಿಯುತ್ತಿತ್ತು, ಈ ಸಲ ಕೂಲಿ ಬಿಡಿ’ ಅಂತ ನೇರವಾಗಿ ಕೇಳುವುದು ನ್ಯಾಯ. ಒಳ್ಳೆಯವರು ಒಪ್ಪುತ್ತಾರೆ.

ಏಳು ಗೇರಿನ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಫ್ರೀವೀಲನ್ನು ಹಬ್ಬಿಗೆ, ಅಂದರೆ ಚಕ್ರದ ನಡುವಿನ ಭಾಗಕ್ಕೆ, ಸ್ಕ್ರೂವಿನ ಹಾಗೆ ಥ್ರೆಡ್ ಮೇಲೆ ತಿರುಗಿಸಿ ಕೂರಿಸಿರುತ್ತಾರೆ. ತುಳಿದಷ್ಟೂ ಬಿಗಿಯಾಗುತ್ತಾ ಹೋಗಿರುತ್ತದೆ. ಬಿಚ್ಚಲು ಅದಕ್ಕೇ ಆದ ಟೂಲ್ ಬೇಕು, ದೊಡ್ಡ ಸ್ಪ್ಯಾನರ್ ಬೇಕು, ತೋಳಿನ ಬಲವೂ ಬೇಕು. ಇಷ್ಟು ಕಷ್ಟಪಟ್ಟು ತೆಗೆದ ಮೇಲೆ ಹೊಸದನ್ನು ಹಾಗೇ ಕೂರಿಸಲು ಬಿಡಬೇಡಿ. ಬಲಗಡೆ ಸ್ಪೋಕ್ ಒಂದು ತುಂಡಾಗಿದ್ದರೆ ಅದನ್ನು ಬದಲಿಸಲು ಇದೇ ಸಮಯ. ಫ್ರೀವೀಲ್ ತೆಗೆಯದೆ ಆ ಕಡೆ ಸ್ಪೋಕ್ ಏರಿಸುವುದು ಕಷ್ಟ. ಹಿಂದಿನ ಆಕ್ಸಲ್ಲಿನ ಬಾಲ್ಸ್ ತೊಳೆದು ಗ್ರೀಸ್ ಹಾಕಲು ಹೇಳಿ. ಹೊಸ ಫ್ರೀವೀಲಿನ ಥ್ರೆಡ್‌ಗೂ ಒಂದಿಷ್ಟು ಗ್ರೀಸ್ ಸವರಿದರೆ ಮುಂದಿನ ಸಲ ಬಿಚ್ಚುವಾಗ ಸುಲಭ. ಕೊನೆಗೆ ಅಂಗಡಿಯ ಮುಂದೆಯೇ ಒಂದು ಸುತ್ತು ಓಡಿಸಿ, ಸಾಧ್ಯವಾದರೆ ಒಂದು ಸಣ್ಣ ಏರು ಹತ್ತಿಸಿ, ಆಮೇಲೆ ದುಡ್ಡು ಕೊಡಿ. ಗೇರ್ ವೈರ್ ಹೊಸದು ಹಾಕಿದ್ದರೆ ಕೆಲವು ದಿನದಲ್ಲಿ ಅದು ಸ್ವಲ್ಪ ಸಡಿಲವಾಗುತ್ತದೆ. ಒಮ್ಮೆ ಬಂದು ಬಿಗಿಮಾಡಿಸಿಕೊಳ್ಳುತ್ತೇನೆ ಅಂತ ಆಗಲೇ ಹೇಳಿಟ್ಟಿರಿ.